ತೂತಿಲ್ಲದ ಆನೆಕಾಸು

ನಮ್ಮ ಸೋದರಮಾವನಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಒಂದು ಇಂಗ್ಲಿಷ್ ಪುಸ್ತಕದ ಜೊತೆ ಅವರು ಆರು ವರ್ಷ ಜಗಳವಾಡಿದರು! ಓದಿಕೊಂಡು ಜಗಳವಾಡುವುದು ಯಾರಿಗೆ ಬರುವುದಿಲ್ಲ ಹೇಳಿ? ಓದದೆಯೇ ಪುಸ್ತಕದ ತಪ್ಪು ಹಿಡಿಯುವುದಕ್ಕೆ ಪ್ರತಿಭೆ ಬೇಕು. ಅದು ನಮ್ಮ ಮಾವನಲ್ಲಿ ಧಾರಾಳವಾಗಿತ್ತು. ಇನ್ನೊಂದು ಸೋಜಿಗವನ್ನೂ ಮೊದಲೇ ಹೇಳಿಬಿಡುತ್ತೇನೆ. ಆ ಜಗಳದಲ್ಲಿ ತಪ್ಪು ಪುಸ್ತಕದ್ದೇ ಆಗಿತ್ತು, ಮಾವ ಹೇಳಿದ್ದು ಸರಿಯಾಗಿತ್ತು.

ಮಾವ ದನದ ದಲ್ಲಾಳಿ. ಬಂಗಾರಪೇಟೆಗೆ ಮೂರು ಮೈಲಿ ದೂರದ ಹಳ್ಳಿಯಲ್ಲಿ ಅವರಿಗೆ ಎರಡೆಕರೆ ಹೊಲ, ನಾಲ್ಕು ಸೀಮೆಹಸು, ಒಬ್ಬಳು ಹೆಂಡತಿ ಇದ್ದರು. ಹೊಲವನ್ನೂ ಹಸುಗಳನ್ನೂ ನೋಡಿಕೊಳ್ಳುತ್ತಿದ್ದದ್ದು ಆ ಹೆಂಡತಿ, ಅಂದರೆ ನಮ್ಮ ಅತ್ತೆ. ಮಾವನ ಪಾಲಿಗೆ ಸಂತೆ ಸುತ್ತುವ ಘನಕಾರ್ಯ ಉಳಿದಿತ್ತು. ಎಂಬತ್ತರ ದಶಕದ ಶುರುವಿನಲ್ಲಿ ನನಗೆ ಬಂಗಾರಪೇಟೆಯ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತು. ಅವರ ಮಗಳನ್ನು ಮಾಲೂರಿಗೆ ಕೊಟ್ಟಿದ್ದರು, ಅವಳ ಕೋಣೆ ಖಾಲಿಯಿತ್ತು. ನಾನು ಟ್ರಂಕು ಹೊತ್ತುಕೊಂಡು ಅಲ್ಲಿ ಹೋಗಿ ಸೇರಿಕೊಂಡೆ. ಇಂಗ್ಲಿಷ್ ಬರುವ ಸೊಸೆ ಮನೆಗೆ ಬಂದಳಲ್ಲ ಎಂದು ಮಾವ ಯಾಕೆ ಅಷ್ಟೊಂದು ಖುಷಿಪಟ್ಟರು ಎನ್ನುವುದು ನನಗೆ ಆಮೇಲೆ ತಿಳಿಯಿತು.

ಮಾವನ ಹೆಗಲ ಮೇಲೆ ಯಾವಾಗಲೂ ಒಂದು ಕೆಂಪಂಚಿನ ಟವೆಲ್. ಅದನ್ನು ಅವರು ಮುಖ ಒರೆಸಿಕೊಳ್ಳುವುದಕ್ಕೆ ಇಟ್ಟುಕೊಂಡಿದ್ದರು ಎಂದುಕೊಳ್ಳಬೇಡಿ. ಅದು ಅವರ ಆಫೀಸು! ನಮ್ಮ ಕಡೆ ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಕೈ ಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಅದುಮುತ್ತಾರೆ. ಒಂದು ಬೆರಳು ಹಿಡಿದರೆ ನೂರು, ಐದೂ ಹಿಡಿದರೆ ಐನೂರು. ಬಾಯಲ್ಲಿ ಮಾತ್ರ ಮಳೆ, ಬೆಳೆ, ತಂಗಿಯ ಮದುವೆ. ಸುತ್ತ ಐವತ್ತು ಜನ ಬಾಯಿ ಬಿಟ್ಟುಕೊಂಡು ನಿಂತಿದ್ದರೂ ಹಸು ಎಷ್ಟಕ್ಕೆ ಹೋಯಿತು ಎನ್ನುವುದು ಯಾರಿಗೂ ತಿಳಿಯುವುದಿಲ್ಲ. ಅತ್ತೆಗೂ ತಿಳಿಯುತ್ತಿರಲಿಲ್ಲ, ಅದೇ ಆ ಮನೆಯ ಮುಖ್ಯ ಸಮಸ್ಯೆ.

ಇಂಥ ಮನುಷ್ಯನಿಗೆ ನಾಣ್ಯದ ಹುಚ್ಚು ಹೇಗೆ ಹಿಡಿಯಿತೋ ದೇವರೇ ಬಲ್ಲ. ಹಳೇ ಕಾಸು ಕಂಡರೆ ಸಾಕು, ಹಸುವಿನ ಬಾಯಿ ಬಿಡಿಸಿ ಹಲ್ಲು ಎಣಿಸುವಷ್ಟೇ ಶ್ರದ್ಧೆಯಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಕೋಲಾರ ಚಿನ್ನದ ಗಣಿಯ ಜನ ಹಾಲಿಗೆ, ಹುಲ್ಲಿಗೆ, ಕೋಳಿಗೆ ಕೊಡುವ ಚಿಲ್ಲರೆಯಲ್ಲಿ ಯಾವ್ಯಾವುದೋ ಕಾಲದ ಕಾಸು ಬರುತ್ತಿತ್ತು. ಮಾವ ಅದನ್ನೆಲ್ಲ ಹೆಕ್ಕಿ ಹೆಕ್ಕಿ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ತುಂಬುತ್ತಿದ್ದರು. ಊರೆಲ್ಲ ಭೂಮಿಯೊಳಗೆ ಇಳಿದು ಚಿನ್ನ ಹುಡುಕುತ್ತಿದ್ದರೆ ನಮ್ಮ ಮಾವ ಭೂಮಿಯ ಮೇಲೆ ಓಡಾಡಿಕೊಂಡು ತಾಮ್ರ ಹುಡುಕುತ್ತಿದ್ದರು!

ಹೀಗಿರುವಾಗ ಅತ್ತೆ ಅವರನ್ನು ಪ್ರೆಷರ್ ಕುಕ್ಕರ್ ತರಲು ಬೆಂಗಳೂರಿಗೆ ಕಳಿಸಿದರು. ಸಂಜೆ ರೈಲಿಳಿದು ಬಂದ ಮಾವನ ಕೈಯಲ್ಲಿ ಒಂದು ಪುಸ್ತಕ.

"ಕುಕ್ಕರ್ ಎಲ್ಲಿ?" ಅಂದರು ಅತ್ತೆ.

"ಇದ್ರಾಗೇ ಅದೆ," ಅಂದರು ಮಾವ. "ಇದು ಕಾಸಿನ ಬೆಲೆ ಪುಸ್ತಕ. ನಮ್ ಡಬ್ಬೀಲಿರೋದ್ನ ಮಾರಿದ್ರೆ ಎಷ್ಟು ಬತ್ತದೆ ಅಂತ ಎಲ್ಲಾ ಬರೆದವ್ರೆ. ಒಂದಲ್ಲ, ಐದು ಕುಕ್ಕರ್ ತಗೋಬೋದು."

ಅಂದಿನಿಂದ ಆ ಪುಸ್ತಕಕ್ಕೆ ನಮ್ಮ ಮನೆಯಲ್ಲಿ ಕುಕ್ಕರ್ ಎಂದೇ ಹೆಸರಾಯಿತು. ನಾನು ಶಾಲೆಯಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ಅತ್ತೆ, "ಓಗಮ್ಮಾ, ಜಗಲಿ ಮ್ಯಾಲೆ ನಿಮ್ಮಾವ ಕುಕ್ಕರ್ ಇಟ್ಕೊಂಡು ಕುಂತವ್ರೆ, ಎಷ್ಟು ಕೂಗ್ತದೋ ನೋಡು," ಎನ್ನುತ್ತಿದ್ದರು. ನಾನು ಓದಬೇಕು, ಮಾವ ಡಬ್ಬಿಯಿಂದ ಕಾಸು ತೆಗೆದು ತಾಳೆ ನೋಡಬೇಕು. ಮೂರನೆಯ ದಿನಕ್ಕೇ ಜಗಳ ಶುರುವಾಯಿತು.

"ಇದಕ್ಕೆ ಎಂಟು ರೂಪಾಯಿ ಮಾವ," ಅಂದೆ.

"ಯಾರು ಯೋಳಿದ್ದು?"

"ಪುಸ್ತಕ ಹೇಳಿದ್ದು."

"ಪುಸ್ತಕಕ್ಕೆ ಯಾರು ಯೋಳಿದ್ದು?"

ನಾನು ಟೀಚರ್ ಟ್ರೈನಿಂಗಿನಲ್ಲಿ ಎರಡು ವರ್ಷ ಕಲಿತಿದ್ದೆ. ಈ ಪ್ರಶ್ನೆಗೆ ಉತ್ತರ ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ! ಮಾವ ಅಷ್ಟಕ್ಕೇ ಬಿಡಲಿಲ್ಲ. "ಈಗ ನೋಡಮ್ಮ, ಸಂತೆಗೆ ಬರೋ ಅಸು ಬೆಲೆ ಸಂತೇಲಿ ಗೊತ್ತಾಗ್ತದೆ. ದಿನಾ ನೂರು ಬತ್ತವೆ, ನೂರು ಓಯ್ತವೆ. ಆದ್ರೆ ಒಳ್ಳೆ ಅಸು ಇರೋನು ಅದ್ನ ಸಂತೆಗೆ ಒಡಕೊಂಡು ಬರ್ತಾನಾ? ಮನೇಲೇ ಕಟ್ಕೊಂಡು ಆಲು ಕುಡೀತಾನೆ. ಸಂತೆಗೇ ಬರ್ದೆ ಇರೋ ಅಸುಗೆ ಬೆಲೆ ಬರೆಯೋನು ಎಂಥಾ ದಲ್ಲಾಳಿ? ಎಣ್ಣು ನೋಡ್ದೆ ಲಗ್ನಪತ್ರಿಕೆ ಬರ್ದಂಗೆ."

"ಎಲ್ಲಾದರೂ ಒಂದು ಮಾರಾಟ ಆಗಿರುತ್ತಲ್ಲ ಮಾವ, ಅದನ್ನು ನೋಡಿ ಬರೆದಿರುತ್ತಾರೆ."

"ಆಗಿರ್ತದೆ. ಟವೆಲ್ ಕೆಳಗೆ ಆಗಿರ್ತದೆ. ಪುಸ್ತಕದೋನು ಟವೆಲ್ ಮೇಲ್ಗಡೆ ನಿಂತಿದ್ದ, ಅವನಿಗೇನು ಗೊತ್ತು?"

ನಿಜಕ್ಕೂ ಯೋಚಿಸಿದರೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಇವತ್ತಿನವರೆಗೂ ಕೇಳಿಲ್ಲ. ಸುಲಭವಾಗಿ ಸಿಗುವ ಕಾಸಿಗೆ ಪುಸ್ತಕದ ಬೆಲೆ ಸರಿಯಾಗಿಯೇ ಇತ್ತು. ಅಪರೂಪದ್ದಕ್ಕೆ ಬಂದಾಗ ಬರೆದವರು ಕಣ್ಣು ಮುಚ್ಚಿಕೊಂಡು ಕಲ್ಲು ಬೀಸಿದ್ದರು. ಕೆಲವು ಕಾಸುಗಳ ಮುಂದೆ ಚಿತ್ರವೂ ಇರಲಿಲ್ಲ, ಬೆಲೆ ಮಾತ್ರ ಇತ್ತು. ನೋಡಿಯೇ ಇಲ್ಲದ್ದಕ್ಕೆ ಬೆಲೆ! ನಾನೂ ಮಾವನ ಪಾರ್ಟಿ ಸೇರಿಬಿಟ್ಟೆ.

ಅತ್ತೆ ಮಾತ್ರ ವಿರೋಧಪಕ್ಷ. ಆ ಸಲದ ಯುಗಾದಿಗೆ ಮನೆಯ ಹಿತ್ತಾಳೆ, ತಾಮ್ರದ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು, ಉಪ್ಪು ಹಾಕಿ ತೊಳೆಯುವಾಗ, ಪುಣ್ಯದ ಕೆಲಸವೆಂದು ಮಾವನ ಡಬ್ಬಿಯನ್ನೂ ಸುರಿದುಕೊಂಡು ತಿಕ್ಕಿಟ್ಟರು. ಮಾವ ಬಂದು ನೋಡುತ್ತಾರೆ, ನೂರೈವತ್ತು ವರ್ಷದ ಕಾಸುಗಳು ಹೊಸ ಗುಂಡಿಗಳ ಹಾಗೆ ಅಂಗಳದಲ್ಲಿ ಪಳಪಳ ಹೊಳೆಯುತ್ತಾ ಬಿಸಿಲು ಕಾಯಿಸುತ್ತಿವೆ! ಮಾವ ಅಲ್ಲೇ ಕುಕ್ಕರಿಸಿದರು. ತೊಳೆದ ಕಾಸಿಗೆ ಬೆಲೆ ಅರ್ಧಕ್ಕರ್ಧ ಬಿದ್ದುಹೋಗುತ್ತದೆ ಎಂದು ನಾನು ಅತ್ತೆಗೆ ವಿವರಿಸಿದೆ.

"ಕೊಳಕಾಗಿದ್ರೆ ಜಾಸ್ತಿ ಬೆಲೇನಾ?" ಅಂದರು ಅತ್ತೆ. "ಅಂಗಾದ್ರೆ ನಿಮ್ಮಾವನ್ನೇ ಮಾರ್ಬೋದಿತ್ತಲ್ಲಮ್ಮಾ."

ಇಷ್ಟೆಲ್ಲ ಇದ್ದರೂ ಮಾವನ ನಿಜವಾದ ಸಂಕಟ ಒಂದೇ ಒಂದು ಕಾಸಿನದ್ದು. ಅರಸರ ಕಾಲದ ಒಂದು ಪುಟ್ಟ ತಾಮ್ರದ ಕಾಸು. ಒಂದು ಕಡೆ ಆನೆ, ಆನೆಯ ಮೇಲೆ ಸೂರ್ಯ, ಚಂದ್ರ. ನಮ್ಮ ಕಡೆ ಇದನ್ನು ಆನೆಕಾಸು ಅನ್ನುತ್ತಾರೆ. ಮಗು ಬೆಚ್ಚಿಬೀಳದಿರಲಿ, ಆನೆಯ ಹಾಗೆ ಬೆಳೆಯಲಿ, ಸೂರ್ಯಚಂದ್ರರಿರುವ ತನಕ ಬಾಳಲಿ ಎಂದು ಮಗುವಿನ ಉಡಿದಾರಕ್ಕೆ ಕಟ್ಟುತ್ತಾರೆ. ಕಟ್ಟಬೇಕಾದರೆ ತೂತು ಬೇಕು. ಆ ತೂತನ್ನೂ ಮುಂಚೆಯೇ ಮಾಡುವ ಹಾಗಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನವೇ ಮಾಡಬೇಕು. ಹೀಗೆ ತಲೆತಲಾಂತರದಿಂದ ನಮ್ಮ ಕಡೆಯ ಆನೆಕಾಸಿಗೆಲ್ಲ ಮೊಳೆಯ ಏಟು ಬಿದ್ದಿದೆ. ಮಾವನ ತಾತನ ಕಾಲದಿಂದ ಮನೆಯಲ್ಲಿದ್ದ ಒಂದಕ್ಕೂ ಬಿದ್ದಿತ್ತು. ಹಾಕಿದವರು ಯಾರು? ಸ್ವತಃ ಮಾವ, ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ!

"ಈ ಕೈಯಾರೆ ಒಡೆದೆ," ಎಂದು ಮಾವ ಬಲಗೈ ಎತ್ತಿ ತೋರಿಸಿ ಕೊರಗುತ್ತಿದ್ದರು.

"ತೂತು ಮಾಡ್ದೆ ಏನು ಮೈದಾ ಅಂಟಲ್ಲಿ ಅಂಟುಸ್ತಿದ್ರಾ ಮಗೀಗೆ?" ಅನ್ನುತ್ತಿದ್ದರು ಅತ್ತೆ.

ಪುಸ್ತಕ ಈ ಆನೆಕಾಸಿಗೆ ಹದಿನೈದು ರೂಪಾಯಿ ಬರೆದಿತ್ತು. ತೂತಿದ್ದರೆ ಬರೀ ತಾಮ್ರದ ಬೆಲೆ. ಮಾವ ಉರಿದುಬಿದ್ದರು. ಹದಿನೈದಕ್ಕೆ ಸಿಗುತ್ತದೆ ಎನ್ನುವುದಾದರೆ ಎಲ್ಲಿ ಸಿಗುತ್ತದೆ ಹೇಳಲಿ! ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಇವರು ನೋಡಿದ ಪ್ರತಿಯೊಂದು ಆನೆಯ ಹೊಟ್ಟೆಯಲ್ಲೂ ತೂತು. ಕಡೆಗೆ ಒಂದು ಭಾನುವಾರ ನನ್ನನ್ನು ಕಟ್ಟಿಕೊಂಡು ಬೆಂಗಳೂರಿಗೆ ಹೊರಟೇಬಿಟ್ಟರು. ಪುಸ್ತಕ ಬರೆದು ಅಚ್ಚು ಹಾಕಿಸಿದ್ದ ನಾಣ್ಯದ ವ್ಯಾಪಾರಿ ಪೇಟೆಯ ಒಂದು ಸಂದಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದರು. ಬೆಳ್ಳಿಕಟ್ಟಿನ ಕನ್ನಡಕ, ಬಹಳ ಸಭ್ಯ ಮನುಷ್ಯ. ಮಾವ ನಮಸ್ಕಾರ ಹೇಳಿ, ಕೂತು, ಸೀದಾ ಅವರ ಕೈ ಹಿಡಿದು ಮೇಲೆ ಟವೆಲ್ ಹೊದಿಸಿದರು! ಆ ಸಭ್ಯರು ಬೆಚ್ಚಿ ಕುರ್ಚಿಯ ಸಮೇತ ಹಿಂದಕ್ಕೆ ಸರಿದರು. ಪಾಪ, ಅವರ ಎಳೆತನದಲ್ಲಿ ಯಾರೂ ಆನೆಕಾಸು ಕಟ್ಟಿರಲಿಲ್ಲವೆಂದು ಕಾಣುತ್ತದೆ.

ನಾನು ನಡುವೆ ಬಾಯಿ ಹಾಕಿ ವಿಷಯ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. "ನೋಡಿ ಯಜಮಾನರೇ, ಈ ಕಾಸನ್ನು ಆ ಕಾಲದಲ್ಲಿ ರಾಶಿರಾಶಿಯಾಗಿ ಹೊಡೆದಿದ್ದಾರೆ. ಅದಕ್ಕೇ ಬೆಲೆ ಕಡಿಮೆ," ಅಂದರು.

"ಒಡೆದಿರೋದು ಎಷ್ಟಾದ್ರೂ ಇರ್ಲಿ ಸ್ವಾಮಿ, ಉಳಿದಿರೋದು ಎಷ್ಟು? ನಮ್ಮೂರಲ್ಲಿ ಕರ ಉಟ್ಟಿದ್ದೆಲ್ಲ ಅಸು ಆಯ್ತದಾ?" ಅಂದರು ಮಾವ.

ವ್ಯಾಪಾರಿ ನಕ್ಕು, "ನಿಮ್ಮ ಕಡೆಯ ಈ ತೂತಿನ ಪದ್ಧತಿ ನನಗೆ ಗೊತ್ತಿರಲಿಲ್ಲ. ತೂತಿಲ್ಲದ್ದು ಚೆನ್ನಾಗಿರೋದು ಒಂದೇ ಒಂದು ತಂದು ತೋರಿಸಿ. ಮುಂದಿನ ಮುದ್ರಣದಲ್ಲಿ ಬೆಲೆ ತಿದ್ದುತ್ತೀನಿ. ಚಿತ್ರ ಹಾಕಿ ಕೆಳಗೆ ನಿಮ್ಮ ಹೆಸರನ್ನೂ ಹಾಕ್ತೀನಿ," ಎಂದು ಕೈ ಮುಗಿದರು.

ಅಷ್ಟೇ! ಮಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪುಸ್ತಕದಲ್ಲಿ ಹೆಸರು! ಓದಲು ಬಾರದ ಪುಸ್ತಕದಲ್ಲಿ! ಸಂತೆಯ ಜನ ಇನ್ನು ತನ್ನನ್ನು ದಲ್ಲಾಳಿ ಅನ್ನುವುದಿಲ್ಲ, ಪಂಡಿತರು ಅನ್ನುತ್ತಾರೆ ಎಂದು ರೈಲಿನುದ್ದಕ್ಕೂ ಹೇಳಿದರು. ಅಂದಿನಿಂದ ಆರು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಹಸು ನೋಡಲು ಹೋದ ಮನೆಯಲ್ಲಿ ಮಗುವಿದ್ದರೆ ಮೊದಲು ಮಗುವಿನ ಸೊಂಟ ನೋಡುವುದು. ಸಿಕ್ಕ ಮುದುಕಿಯರನ್ನೆಲ್ಲ ಕನ್ನಡ, ತೆಲುಗು, ತಮಿಳು ಮೂರರಲ್ಲೂ ವಿಚಾರಿಸುವುದು. ಸಿಗಲಿಲ್ಲವಲ್ಲ ಎಂದು ನನ್ನ ಕೈಲಿ ವ್ಯಾಪಾರಿಗೆ ಕಾಗದ ಬರೆಸುವುದು. ಒಂದೊಂದು ಕಾಗದದಲ್ಲೂ ಬೈಗುಳ. "ಸಿಗದೆ ಇರೋದೇ ಸಾಕ್ಷಿ ಅಂತ ಬರಿ," ಎನ್ನುತ್ತಿದ್ದರು. ಅಲ್ಲಿಂದ ವರ್ಷಕ್ಕೊಂದು ಕಾರ್ಡು ಬರುತ್ತಿತ್ತು. "ತೂತಿಲ್ಲದ್ದು ಸಿಕ್ಕಿತೇ?"

ಒಂದು ಸಲ ಮಾರಿಕುಪ್ಪಂ ರೈಲಿನಲ್ಲಿ ಎದುರಿಗೆ ಒಬ್ಬ ಹೆಂಗಸು ಮಗುವನ್ನು ಮಲಗಿಸಿಕೊಂಡು ತಾನೂ ತೂಕಡಿಸುತ್ತಿದ್ದಳು. ಮಗುವಿನ ಉಡಿದಾರದಲ್ಲಿ ಏನೋ ಕೆಂಪಗೆ ಮಿನುಗಿತು. ಮಾವ ಕನ್ನಡಕ ಏರಿಸಿಕೊಂಡು ಬಗ್ಗಿದರು, ಇನ್ನೂ ಬಗ್ಗಿದರು. ಆ ತಾಯಿ ಕಣ್ಣು ಬಿಟ್ಟಳು! ಮಕ್ಕಳ ಕಳ್ಳ ಎಂದು ಬೋಗಿಗೆ ಬೋಗಿಯೇ ಎದ್ದು ನಿಂತಿತು. ಮಾವ ಮೂರು ಭಾಷೆಯಲ್ಲಿ ಕೈ ಮುಗಿದು, "ಕಾಸು ನೋಡ್ದೆ, ಕಾಸು ನೋಡ್ದೆ," ಅಂದರು. ಆಗ ಮಕ್ಕಳ ಕಳ್ಳನಲ್ಲ, ಕಾಸಿನ ಕಳ್ಳ ಎಂದು ತೀರ್ಮಾನವಾಯಿತು. ಉರಿಗಾಂ ಸ್ಟೇಷನ್ನಿನಲ್ಲಿ ಇಳಿಸಿ ಕಳಿಸಿದರು. ಮನೆಗೆ ಬಂದ ಮಾವನ ಅಂಗಿಯ ತೋಳು ಹರಿದಿತ್ತು, ಮುಖದಲ್ಲಿ ಮಾತ್ರ ಕಳೆಯಿತ್ತು.

"ಅದ್ಕೂ ತೂತು ಇತ್ತು ಕಣಮ್ಮ," ಅಂದರು ನನಗೆ. "ಪುಸ್ತಕ ತಪ್ಪು ಅನ್ನೋದು ಇನ್ನೂ ಗಟ್ಟಿಯಾಯ್ತು."

ಆರನೆಯ ವರ್ಷ ಉರಿಗಾಂನಿಂದಲೇ ಹೇಳಿಕೆ ಬಂತು. ಗಣಿ ಕಾರ್ಮಿಕರ ಲೈನುಮನೆಯಲ್ಲಿ ಒಬ್ಬ ವಿಧವೆ ಮುದುಕಿ ಇದ್ದಾಳೆ, ಅವಳ ಹತ್ತಿರ ತೂತಿಲ್ಲದ ಆನೆಕಾಸಿದೆ, ಬಂದು ನೋಡಬೇಕಂತೆ ಎಂದು ಹಾಲು ಮಾರುವವಳೊಬ್ಬಳು ತಿಳಿಸಿದಳು. ಮಾವ ಆ ದಿನ ಊಟ ಮಾಡಲಿಲ್ಲ. ಹಸುವಿಗೆ ಮುಂಗಡ ಕೊಡಲೆಂದು ಇಟ್ಟಿದ್ದ ಐನೂರು ರೂಪಾಯಿ ಜೇಬಿಗಿಟ್ಟುಕೊಂಡು, ಪುಸ್ತಕವನ್ನು ನನ್ನ ಚೀಲಕ್ಕೆ ತುರುಕಿ, ರೈಲು ಹತ್ತಿಸಿದರು.

ಒಂದಕ್ಕೊಂದು ಗೋಡೆ ಅಂಟಿಕೊಂಡ ಪುಟ್ಟ ಮನೆಗಳ ಸಾಲು. ಪಕ್ಕದ ಮನೆಯಲ್ಲಿ ಎಳೆಮಗುವೊಂದು ಅಳುತ್ತಿತ್ತು. ಮುದುಕಿ, "ವಾಂಗಣ್ಣಾ," ಎಂದು ಕರೆದು ಚಾಪೆ ಹಾಸಿದಳು. ಸುಣ್ಣದ ಡಬ್ಬಿಯೊಂದನ್ನು ತೆಗೆದು, ಬಟ್ಟೆಯ ಗಂಟು ಬಿಚ್ಚಿ, ಕಾಸನ್ನು ಮಾವನ ಅಂಗೈಗಿಟ್ಟಳು.

ಆನೆ ಇಡಿಯಾಗಿತ್ತು! ಸೊಂಡಿಲು, ಬಾಲ, ಮೇಲೆ ಸೂರ್ಯ, ಚಂದ್ರ, ಎಲ್ಲವೂ ನಿನ್ನೆ ಹೊಡೆದ ಹಾಗೆ. ಎಲ್ಲೂ ತೂತಿಲ್ಲ. ಮಾವ ಅದನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಮತ್ತೆ ಹಿಡಿದರು.

"ಎಷ್ಟು ಯೋಳ್ತೀಯ ತಾಯಿ?"

"ನೀಂಗಳೇ ಸೊಲ್ಲುಂಗಣ್ಣಾ," ನೀವೇ ಹೇಳಿ ಅಂದಳು ಮುದುಕಿ.

ಪುಸ್ತಕ ನನ್ನ ಚೀಲದಲ್ಲಿತ್ತು. ಹದಿನೈದು ರೂಪಾಯಿ ಎಂದು ತೆಗೆದು ತೋರಿಸಿದ್ದರೆ ಆಗಿಹೋಗುತ್ತಿತ್ತು. ಯಾವ ದಲ್ಲಾಳಿಯಾದರೂ ಅದನ್ನೇ ಮಾಡುತ್ತಿದ್ದ. ನಮ್ಮ ಮಾವ ಟವೆಲ್ ತೆಗೆದು ಅವಳ ಕೈ ಮೇಲೆ ಹೊದಿಸಿದರು. ಮುದುಕಿ ಹಿಂದೆ ಹಸು ಸಾಕಿದ್ದವಳಂತೆ, ಅವಳಿಗೂ ಆ ಪದ್ಧತಿ ಗೊತ್ತಿತ್ತು. ಮಾವ ಅವಳ ಐದೂ ಬೆರಳು ಹಿಡಿದದ್ದು ಟವೆಲ್ಲಿನ ಮೇಲಿನಿಂದಲೇ ನನಗೆ ಕಂಡಿತು. ಮುದುಕಿ ತಲೆಯಲ್ಲಾಡಿಸಿದಳು. ಸಾಲದೇನೋ ಎಂದು ಮಾವ ಇನ್ನೊಮ್ಮೆ ಅದುಮಿದರು. ಅಷ್ಟರಲ್ಲಿ ಟವೆಲ್ ಜಾರಿ ಬಿತ್ತು. ಮುದುಕಿ ಮಾವನ ಬೆರಳುಗಳನ್ನು ಒಂದೊಂದಾಗಿ ಮಡಿಚಿ, ಕಾಸನ್ನು ಒಳಗಿಟ್ಟು, ಮುಷ್ಟಿಯನ್ನು ಮುಚ್ಚುತ್ತಿದ್ದಳು. ಅಷ್ಟು ವರ್ಷದ ದಲ್ಲಾಳಿತನದಲ್ಲಿ ಅಂಥ ಬೆಲೆಯನ್ನು ಅವರಿಗೆ ಯಾರೂ ಹೇಳಿರಲಿಲ್ಲ.

"ದುಡ್ಡು ಬೇಡಣ್ಣಾ," ಅಂದಳು. "ಮಗೂಗೆ ಕಟ್ಟೋದಕ್ಕೆ ದುಡ್ಡು ತಗೋತಾರಾ? ಆರು ವರ್ಷ ಮನೆಮನೆ ಅಲ್ದು ಹುಡುಕಿದ್ರಂತೆ. ಎಂಥಾ ಕಷ್ಟದ ಮಗುವೋ ಅಂತ ನಂಗೆ ನಿದ್ದೆ ಬರ್ಲಿಲ್ಲ. ಮೊಮ್ಮಗನಾ, ಮೊಮ್ಮಗಳಾ?"

ಮನೆಯಲ್ಲೊಂದು ಎಳೇ ಮೊಮ್ಮಗುವಿದೆ ಎಂದು ಸುಳ್ಳು ಹೇಳಲು ಮಾವನಿಗೆ ಬಾಯಿ ಬರಲಿಲ್ಲ. ಎರಡು ಹಲ್ಲಿನ ಎಳೇ ಹಸುವೆಂದು ಮುದಿಹಸು ಮಾರಿಸಿದ ಬಾಯಿ ಅದು! ಕಡೆಗೆ, "ಇದ್ಯಾಕೆ ತಾಯಿ ತೂತು ಮಾಡ್ದೆ ಇಟ್ಕೊಂಡಿದ್ದೆ?" ಎಂದು ಕೇಳಿದರು.

"ನಾನು ಬಸುರಿ ಇದ್ದಾಗ ಮನೆಯೋರು ತಂದಿದ್ರು. ಅವರ ಜೊತೆ ಗಣಿಗೆ ಇಳೀತಿದ್ದ ಬಂಗಾರಪೇಟೆ ಕಡೆಯೋರು ಒಬ್ಬರು ಕೊಟ್ರಂತೆ. ತೊಟ್ಟಿಲಿಗೆ ಹಾಕೋ ದಿವ್ಸಾನೇ ತೂತು ಮಾಡ್ಬೇಕು ಅಂತ ಹೇಳಿ ಕಳ್ಸಿದ್ರು." ಮುದುಕಿ ಡಬ್ಬಿಯ ಮುಚ್ಚಳ ಹಾಕಿದಳು. "ಅಷ್ಟು ದಿವ್ಸ ಇರ್ಲಿಲ್ಲಣ್ಣಾ ಮಗು. ಆಮೇಲೆ ಇನ್ನೊಂದು ಆಗ್ಲಿಲ್ಲ."

ಪಕ್ಕದ ಮನೆಯ ಮಗು ಇನ್ನೂ ಅಳುತ್ತಿತ್ತು. ಮಾವ ಮುಷ್ಟಿ ಬಿಚ್ಚಿ ಕಾಸನ್ನು ನೋಡುತ್ತಾ ಕೂತರು.

"ಆ ಮಗು ಯಾರ್ದು?"

"ಪಕ್ಕದೋರದು. ಎರಡು ತಿಂಗಳು. ನಿದ್ದೇಲಿ ಬೆಚ್ಚಿ ಬೆಚ್ಚಿ ಎದ್ದು ಅಳ್ತದೆ. ನಾನೇ ಎತ್ತಿ ಆಡಿಸ್ತೀನಿ."

"ಒಂದು ಮೊಳೆ, ಸುತ್ತಿಗೆ ಅದಾ ತಾಯಿ?"

ನಾನು ಗಾಬರಿಯಾಗಿ ಅವರ ತೋಳು ಹಿಡಿದುಕೊಂಡೆ. "ಮಾವ, ಆರು ವರ್ಷ. ಪುಸ್ತಕ, ನಿಮ್ಮ ಹೆಸರು," ಎಂದು ಏನೇನೋ ಅಂದೆ. ಮಾವ ನನ್ನ ಕೈ ಬಿಡಿಸಿದರು. ಮುದುಕಿಯ ಕಡೆ ತಿರುಗಿ, "ನಮ್ಮನೇಲಿ ಸಣ್ಣ ಮಗು ಯಾವ್ದೂ ಇಲ್ಲ ತಾಯಿ. ನಾನು ಉಡುಕ್ತಿದ್ದಿದ್ದು ಬ್ಯಾರೆ ಕೆಲ್ಸಕ್ಕೆ. ಅದೇನು ದೊಡ್ಡ ಕೆಲ್ಸ ಅಲ್ಲ ಬುಡು," ಅಂದರು.

ಒರಳುಕಲ್ಲಿನ ಮೇಲೆ ಕಾಸಿಟ್ಟು, ಆನೆಗೆ ತಾಗದ ಹಾಗೆ ಅಂಚಿನಲ್ಲಿ ಮೊಳೆಯಿಟ್ಟು, ಮೂರು ಏಟಿಗೆ ತೂತು ಮಾಡಿದರು. ಮುದುಕಿ ಪಕ್ಕದ ಮನೆಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದಳು, ಹಿಂದೆಯೇ ಅದರ ತಾಯಿಯೂ ಬಂದಳು. ಉಡಿದಾರಕ್ಕೆ ಕಾಸು ಪೋಣಿಸಿ ಗಂಟು ಹಾಕುವಷ್ಟು ಹೊತ್ತು ಮಗುವನ್ನು ಮಾವನ ಟವೆಲ್ಲಿನ ಮೇಲೆ ಮಲಗಿಸಿದ್ದರು. ಅದು ಅಳು ನಿಲ್ಲಿಸಿ, ಟವೆಲ್ ಪೂರಾ ಒದ್ದೆ ಮಾಡಿತು! ಮುದುಕಿ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗುವಿನ ಸೊಂಟದ ಮೇಲೆ ಕಾಸನ್ನು ಎರಡು ಸಲ ಸರಿಮಾಡಿದಳು. ನನಗೆ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದೆ.

ಉರಿಗಾಂ ಸ್ಟೇಷನ್ನಿನ ಬೆಂಚಿನ ಮೇಲೆ ಒದ್ದೆ ಟವೆಲ್ ಹರವಿಕೊಂಡು ಮಾವ ರೈಲಿಗೆ ಕಾದರು. ಟವೆಲ್ ಅರ್ಧ ಒಣಗಿದ ಮೇಲೆ, "ಬೆಂಗಳೂರಿನೋರಿಗೆ ಒಂದು ಕಾಗದ ಬರಿಯಮ್ಮ," ಅಂದರು. ನನ್ನ ಚೀಲದಲ್ಲಿ ಕಾರ್ಡು ಯಾವಾಗಲೂ ಇರುತ್ತಿತ್ತು.

"ತೂತಿಲ್ದ ಆನೆಕಾಸು ನಮ್ ಕಡೆ ಇಲ್ಲ, ನಾನು ಇನ್ನು ಉಡುಕಲ್ಲ, ನಿಮ್ ಪುಸ್ತ್ಕದ ಬೆಲೆ ಅಂಗೇ ಇರ್ಲಿ ಅಂತ ಬರಿ."

ನಾನು ಬರೆದೆ. ಬರೆದು, "ಯಾಕೆ ಮಾವ, ಇನ್ನೂ ಯಾರ ಮನೆಯಲ್ಲಾದರೂ ಒಂದೆರಡು ಇರಬಹುದು," ಅಂದೆ.

"ಇರ್ಬಾರ್ದು ಕಣಮ್ಮ," ಅಂದರು ಮಾವ. "ಯಾರ ಮನೇಲೂ ಇರ್ಬಾರ್ದು."